ಏಳು ಕೋಣೆಯ ಹೋಟೆಲು ಮತ್ತು ಅಪ್ಪನ ಮನೆ

ಬೆಂಗಳೂರಲ್ಲಿ ನಾವಿರೋ ಬಡಾವಣೆಯಲ್ಲಿ 'ಬೋಟಿಕ್' ಅಂದ್ರೆ ಬ್ಲೌಸ್ ಹೊಲಿಸೋ ಅಂಗಡಿ. ಪಕ್ಕದ ಬೀದಿಯ ಟೈಲರ್ ಮುನ್ನೂರಕ್ಕೆ ಹೊಲಿದು ಕೊಡೋದನ್ನೇ ಗಾಜಿನ ಬಾಗಿಲು ಹಾಕಿ, ಎಸಿ ಇಟ್ಟು ಸಾವಿರದೈನೂರು ತಗೊಳ್ತಾರೆ. ಹಾಗಾಗಿ 'ಬೋಟಿಕ್ ಹೋಟೆಲ್' ಅನ್ನೋ ಪದ ಕೇಳಿದ ಕೂಡಲೇ ನನಗೆ ನೆನಪಾಗೋದು ಆ ಗಾಜಿನ ಬಾಗಿಲೇ :) ಆದರೆ ಈ ಹೆಸರಿಗೂ ಒಂದು ಕತೆ ಇದೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಅನ್ನೋ ಹೋಟೆಲು ಶುರುವಾದಾಗ ಅದರ ಮಾಲೀಕರಲ್ಲೊಬ್ಬನಾದ ಸ್ಟೀವ್ ರುಬೆಲ್, ಬೇರೆಯವರದ್ದು ಡಿಪಾರ್ಟ್‌ಮೆಂಟ್ ಸ್ಟೋರ್, ನಮ್ಮದು ಬೋಟಿಕ್ ಇದ್ದ ಹಾಗೆ ಅಂತ ಹೇಳಿದನಂತೆ. ಅಲ್ಲಿಂದ ಹೊರಟ ಪದ ಈಗ ನಮ್ಮೂರ ದಂಡೆಗೂ ಬಂದು ಮುಟ್ಟಿದೆ.

ನಮ್ಮೂರು ಅಂದ್ರೆ ಕುಮಟಾ ಹತ್ತಿರದ ಒಂದು ಹಳ್ಳಿ. ಅಪ್ಪನ ಮನೆಯಿಂದ ಸಮುದ್ರಕ್ಕೆ ನೂರೈವತ್ತು ಹೆಜ್ಜೆ. ಹಂಚಿನ ಮನೆ, ಅಂಗಳ, ಹಿಂದೆ ಇಪ್ಪತ್ತೆರಡು ತೆಂಗಿನಮರ. ಕಳೆದ ವರ್ಷದಿಂದ ಒಬ್ಬ ಬ್ರೋಕರ್ ಮೂರು ಸಲ ಬಂದು ಹೋಗಿದ್ದಾನೆ. ಅವನ ಪಾರ್ಟಿಗೆ ಅಲ್ಲಿ 'ಬೋಟಿಕ್ ಸ್ಟೇ' ಮಾಡಬೇಕಂತೆ. ಅಣ್ಣನಿಗೆ ಬೇರೆಯವರಿಗೆ ಕೊಡೋದಕ್ಕಿಂತ ಸಾಲ ಮಾಡಿ ತಾನೇ ಎಂಟು ಕಾಟೇಜ್ ಕಟ್ಟೋಣ ಅಂತ ಆಸೆ. ಅಪ್ಪ ಇಬ್ಬರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಫೋನಲ್ಲಿ ನನ್ನ ಹತ್ತಿರ ಅಂದದ್ದು ಇಷ್ಟೇ: "ತಂಗೀ, ನೀನೂ ಒಂದು ಮಾತು ಹೇಳು. ಪಾಲು ನಿಂದೂ ಅದೆ."

ಫೆಬ್ರವರಿಯಲ್ಲಿ ಒಂದು ವಾರ ರಜೆ ಸಿಕ್ಕಾಗ ನಾನೂ ಇವನೂ ಶ್ರೀಲಂಕಾಕ್ಕೆ ಹೊರಟಿದ್ದು ಅರ್ಧ ಇದೇ ಕಾರಣಕ್ಕೆ. ಇನ್ನರ್ಧ, ಸಹಜವಾಗಿ, ಸುತ್ತಾಟಕ್ಕೆ. ಅಪ್ಪನಿಗೆ ಹೇಳಿದಾಗ ಬಂದ ಉತ್ತರ: "ಸಮುದ್ರ ನೋಡೂಕೆ ಲಂಕೆಗೆ ಹೋಗ್ಬೇಕಾ? ನಮ್ಮನೆ ಹಿಂದೆ ಇದ್ದದ್ದು ಎಂತದು, ಕೆರೆಯಾ?"

ಕೊಲಂಬೊದಿಂದ ಗಾಲೆಗೆ ಹೋಗೋ ರೈಲಿನಲ್ಲಿ ಬಲಗಡೆ ಸೀಟು ಹಿಡಿಯಬೇಕು. ದಾರಿಯ ಬಹುಪಾಲು ಹಳಿ ಸಮುದ್ರದ ಪಕ್ಕದಲ್ಲೇ ಓಡುತ್ತೆ, ಕೆಲವು ಕಡೆ ಅಲೆಯ ಹನಿ ಕಿಟಕಿಗೆ ಬಂತೇನೋ ಅನ್ನಿಸುವಷ್ಟು ಹತ್ತಿರ. ಖುಷಿಯಿಂದ ಫೋಟೋ ತೆಗೀತಾ ಇದ್ದೆ. ಹಿಕ್ಕಡುವಾ ಹತ್ತಿರ ಬಂದಾಗ ಪಕ್ಕದ ಹಿರಿಯರು ಒಂದು ಜಾಗ ತೋರಿಸಿದರು, ಪೆರಾಲಿಯ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಇದೇ ಹಳಿಯ ಮೇಲೆ ನಿಂತಿದ್ದ ರೈಲನ್ನು ನೀರು ಎತ್ತಿ ಒಗೆದದ್ದು ಅಲ್ಲೇ. ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕ್ಯಾಮೆರಾ ಚೀಲದೊಳಗೆ ಹೋಯಿತು.

ಗಾಲೆಯಿಂದ ಐದಾರು ಕಿಲೋಮೀಟರ್ ಉನವಟುನ. ಇದರ ಪಕ್ಕದಲ್ಲಿ ರೂಮಸ್ಸಲ ಅನ್ನೋ ಗುಡ್ಡ. ಹನುಮಂತ ಸಂಜೀವಿನಿ ಪರ್ವತ ಹೊತ್ತು ಬರುವಾಗ ಒಂದು ತುಂಡು ಇಲ್ಲಿ ಬಿತ್ತಂತೆ. ಸಿಂಹಳದಲ್ಲಿ 'ಓನ್ನ ವಟುನ' ಅಂದ್ರೆ 'ಅಗೋ ಬಿತ್ತು', ಅದರಿಂದ ಊರಿಗೆ ಹೆಸರು ಬಂತು ಅಂತ ಅಲ್ಲಿಯವರು ಹೇಳ್ತಾರೆ. ಗೋಕರ್ಣದ ಪಕ್ಕದಲ್ಲಿ ಹುಟ್ಟಿದ ನನಗೆ ನಗು ತಡೆಯಲಿಲ್ಲ. ರಾವಣ ಲಂಕೆಗೆ ಒಯ್ಯುತ್ತಿದ್ದ ಆತ್ಮಲಿಂಗ ನಮ್ಮ ದಂಡೆಯಲ್ಲಿ ಉಳಿಯಿತು, ಹನುಮಂತನ ಗುಡ್ಡದ ತುಂಡು ಅವರ ದಂಡೆಯಲ್ಲಿ ಉಳಿಯಿತು. ಲೆಕ್ಕ ಚುಕ್ತಾ :)

ನಾವು ಉಳಿದ ಹೋಟೆಲಿಗೆ ಏಳೇ ಕೋಣೆ. ಗಾಜಿನ ಬಾಗಿಲು ಇಲ್ಲ. ಅರ್ಧವೃತ್ತದ ಹಂಚು, ಥೇಟ್ ನಮ್ಮ ನಾಡಹಂಚು. ನಡುವೆ ತೆರೆದ ಅಂಗಳ, ಅದಕ್ಕೆ ಅವರು 'ಮೆದ ಮಿದುಲ' ಅಂತಾರೆ. ಸುತ್ತ ಜಗಲಿ. ಕೆಂಪು ಸಿಮೆಂಟಿನ ನೆಲ. ಒಳಗೆ ಕಾಲಿಟ್ಟ ತಕ್ಷಣ ಇವನು ಹೇಳಿದ್ದು, "ನಿಮ್ಮನೆಗೆ ದುಡ್ಡು ಕೊಟ್ಟು ಬಂದ ಹಾಗಾಯ್ತಲ್ಲೇ!"

ಶ್ರೀಲಂಕಾದಲ್ಲಿ ಇಂಥ ಮನೆಗಳಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಮುಖ್ಯರು ಜೆಫ್ರಿ ಬಾವಾ (1919–2003). ಮೊದಲು ವಕೀಲರು. 1948ರಲ್ಲಿ ಬೆಂಟೋಟ ಹತ್ತಿರ ಒಂದು ತೋಟ ಕೊಂಡರು, ಅದನ್ನು ತಿದ್ದುತ್ತಾ ತಿದ್ದುತ್ತಾ ಕಟ್ಟಡದ ಹುಚ್ಚು ಹತ್ತಿ, ಮತ್ತೆ ಓದಿ, 1957ರಲ್ಲಿ, ಅಂದ್ರೆ ಮೂವತ್ತೆಂಟರ ವಯಸ್ಸಲ್ಲಿ ಆರ್ಕಿಟೆಕ್ಟ್ ಆದರು. ಕೋಡು ಬರೆದು ಬೇಸತ್ತವರು ಗಮನಿಸಬಹುದು, ನಮಗಿನ್ನೂ ಹತ್ತು ವರ್ಷ ಟೈಮಿದೆ! ಅಂಗಳ, ದೊಡ್ಡ ಸೂರು, ಗಾಳಿ ಓಡಾಡೋ ಜಗಲಿ, ಇದನ್ನೆಲ್ಲ ಅವರು ಹೋಟೆಲುಗಳಿಗೂ ತಂದರು. ನಮ್ಮಜ್ಜ ಯಾರನ್ನೂ ಕೇಳದೆ ಕಟ್ಟಿದ್ದ ಮನೆಯಲ್ಲೂ ಇದೇ ಇದೆ. ಅದನ್ನು ಕೆಡವಿ ಕಾಟೇಜ್ ಕಟ್ಟೋ ಪ್ಲಾನು ಅಣ್ಣನ ಲ್ಯಾಪ್‌ಟಾಪಲ್ಲಿದೆ.

ಊಟದ ವಿಷಯ ಬರೆಯದಿದ್ದರೆ ನೀವು ಬೈತೀರಿ. ಬೆಳಿಗ್ಗೆ 'ಆಪ್ಪ' ತಿಂದೆವು! ಹೆದರಬೇಡಿ, ಸಿಂಹಳದಲ್ಲಿ ಆಪ್ಪ ಅಂದ್ರೆ ಬಟ್ಟಲಿನ ಆಕಾರದ ದೋಸೆ. ಅಪ್ಪನಿಗೆ ಅವರು 'ತಾತ್ತ' ಅಂತಾರೆ. ಅಕ್ಕನಿಗೆ ಮಾತ್ರ ಅಕ್ಕನೇ. ಇಂದಿಆಪ್ಪ ನಮ್ಮ ಒತ್ತು ಶಾವಿಗೆ. 'ಪೊಲ್ ಸಂಬೋಲ' ಅಂದ್ರೆ ಕೆಂಪು ಮೆಣಸು ಹಾಕಿದ ಕಾಯಿ ಚಟ್ನಿ, ಆದರೆ ಅದಕ್ಕೆ ಒಣಗಿದ ಮೀನಿನ ಪುಡಿ ಸೇರಿಸ್ತಾರೆ, ನಮ್ಮಂಥ ಹುಲ್ಲು ತಿನ್ನುವವರು ಮೊದಲೇ ಹೇಳಿಡಬೇಕು. ಹಲಸಿನ ಗುಜ್ಜೆ ಪಲ್ಯ, ಜೀಗುಜ್ಜೆ ಹುಳಿ, ಕೊನೆಗೆ ಮಣ್ಣಿನ ಮಡಕೆಯ ಎಮ್ಮೆ ಮೊಸರಿಗೆ ಕಿತುಲ್ ಬೆಲ್ಲದ ಪಾಕ. ಕಿತುಲ್ ಅಂದ್ರೆ ನಮ್ಮ ಬೈನೆ ಮರ. ಅಡಿಗೆಮನೆಯಲ್ಲಿ ಒಣಗಿಸಿಟ್ಟ 'ಗೊರಕ' ನೋಡಿದರೆ ಅದು ನಮ್ಮ ಉಪ್ಪಾಗೆ! ಶಿರಸಿ ಕಡೆಯವರಿಗೆ ಹೊಟ್ಟೆ ಉರಿಯಲಿ ಅಂತಲೇ ಬರೀತಾ ಇದ್ದೀನಿ.

ಮಾಲಕಿ ಅರವತ್ತರ ಮೇಲಿನ ಹೆಂಗಸು. ಎಲ್ಲರೂ ಆಂಟಿ ಅಂತಲೇ ಕರೀತಿದ್ದರು, ನಾನೂ ಹಾಗೇ ಕರೆದೆ. ಹೋಟೆಲಿನ ಹಿಂದಿನ ಎರಡು ಕೋಣೆಯಲ್ಲೇ ಅವರ ವಾಸ. ಎರಡನೇ ದಿನ ನಮ್ಮೂರಿನ ಮನೆ, ಬ್ರೋಕರ್, ಅಣ್ಣನ ಪ್ಲಾನು ಎಲ್ಲ ಹೇಳಿದೆ. ಅವರು ನಕ್ಕು, "ಬಾ, ಹೋಟೆಲು ತೋರಿಸ್ತೀನಿ" ಅಂತ ಹಿತ್ತಲಿಗೆ ಕರಕೊಂಡು ಹೋದರು. ಅತಿಥಿಗಳು ನೋಡದ ಹೋಟೆಲು ಅದು.

ಮೊದಲು ಬಾಗಿಲಿನ ಬಿಜಾಗರಿ. ಎಲ್ಲಾ ಹಿತ್ತಾಳೆಯವು. ಕಬ್ಬಿಣದ್ದು ಹಾಕಿದರೆ ಎರಡು ಮಳೆಗಾಲಕ್ಕೆ ಉಪ್ಪುಗಾಳಿ ತಿಂದು ಮುಗಿಸುತ್ತೆ. ಎಸಿ ಇರೋದು ಎರಡೇ ಕೋಣೆಗೆ, ಅದರ ಹೊರಗಿನ ಪೆಟ್ಟಿಗೆಯನ್ನು ಎಷ್ಟು ಸಲ ಬದಲಾಯಿಸಿದೆ ಅಂತ ಬೆರಳಲ್ಲಿ ಎಣಿಸಿ ತೋರಿಸಿದರು. ಆಮೇಲೆ ನೀರು. ಏಳು ಕೋಣೆಯ ಸ್ನಾನದ ನೀರು ಎಲ್ಲಿ ಹೋಗುತ್ತೆ ಅಂತ ಯಾವ ಗಿರಾಕಿಯೂ ಕೇಳೋದಿಲ್ಲವಂತೆ. ಅದು ಇಂಗುಗುಂಡಿಗೆ ಹೋಗಿ ಬಾಳೆಬುಡ ಸೇರುತ್ತೆ. ಕೊಳೆ ನೀರನ್ನು ದಂಡೆಗೆ ಬಿಟ್ಟರೆ ಮುಂದಿನ ವರ್ಷ ದಂಡೆಯೂ ಇರಲ್ಲ, ಗಿರಾಕಿಯೂ ಇರಲ್ಲ ಅಂದರು. ಬುಕಿಂಗ್ ವೆಬ್‌ಸೈಟಿನವರಿಗೆ ಶೇಕಡಾ ಹದಿನೈದರಷ್ಟು ಕಮಿಷನ್. ಡಿಸೆಂಬರಿಂದ ಏಪ್ರಿಲ್‌ವರೆಗೆ ಕೋಣೆ ತುಂಬುತ್ತೆ. ಮೇ ತಿಂಗಳಿಂದ ಮುಂಗಾರು, ಕಡಲು ಕೆರಳುತ್ತೆ, ನಮ್ಮಲ್ಲಿ ಇದ್ದ ಹಾಗೇ.

ಅಡಿಗೆಮನೆ ಪಕ್ಕದ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಸಣ್ಣ ಗೆರೆ ಇತ್ತು. 2004ರಲ್ಲಿ ನೀರು ನಿಂತ ಗುರುತು. ಮುಂದಿನ ಸಾಲಿನ ಮನೆಗಳಿಗೆ ಆ ಗೆರೆಯೂ ಉಳಿಯಲಿಲ್ಲ, ಯಾಕೆಂದರೆ ಗೋಡೆಯೇ ಉಳಿಯಲಿಲ್ಲ. ಬಾವಿ ನೀರು ಉಪ್ಪಾಗಿ ಎಷ್ಟೋ ಸಲ ಪಂಪು ಹಾಕಿ ಬರಿದು ಮಾಡಬೇಕಾಯಿತಂತೆ. ಸುನಾಮಿ ಆದ ಮೇಲೆ ಸರಕಾರ ಈ ಕಡೆ ದಂಡೆಯಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ ಅಂತ ಮಾಡಿತ್ತು, ಸ್ವಲ್ಪ ಸಮಯದಲ್ಲೇ ಅದನ್ನು ಸಡಿಲ ಮಾಡಿತು. ನಮ್ಮಲ್ಲೂ 1991ರಿಂದ ಸಿಆರ್‌ಜೆಡ್ ಕಾನೂನಿದೆ, 2011ರಲ್ಲಿ, 2019ರಲ್ಲಿ ಹೊಸದಾಗಿ ಬಂತು. ಜನಸಾಂದ್ರತೆ ಕಡಿಮೆ ಇರುವ ಹಳ್ಳಿಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಕಟ್ಟಡಕ್ಕೆ ನಿರ್ಬಂಧ. ಬ್ರೋಕರ್ ಮಾತ್ರ "ಪರ್ಮಿಶನ್ ನಮ್ಮ ತಲೆನೋವು ಬಿಡಿ ಸಾರ್" ಅಂತಾನೆ. ಕಾಗದ ತಂದುಕೊಡಬಹುದು, ಕಡಲಿನ ಹತ್ತಿರ ಯಾವ ಸಹಿ ಹಾಕಿಸ್ತಾನೆ?

ಸುನಾಮಿಗಿಂತ ಕಷ್ಟ ಆಮೇಲಿನದು ಅಂದರು ಆಂಟಿ. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬು, ಒಂದೇ ವಾರದಲ್ಲಿ ಬುಕಿಂಗ್ ಎಲ್ಲ ಕ್ಯಾನ್ಸಲ್. ಚೇತರಿಸಿಕೊಳ್ಳೋ ಹೊತ್ತಿಗೆ 2020, ಕೊರೊನಾ. ಅದು ಮುಗಿಯೋ ಹೊತ್ತಿಗೆ 2022. ದೇಶದ ಹತ್ತಿರ ಡಾಲರ್ ಇಲ್ಲ, ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ, ಅಡಿಗೆ ಗ್ಯಾಸ್ ಇಲ್ಲ, ಆ ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆವರೆಗೆ ಕರೆಂಟಿಲ್ಲ. ಜುಲೈಯಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು. ಆ ತಿಂಗಳುಗಳಲ್ಲಿ ಒಬ್ಬ ಅತಿಥಿಯೂ ಇಲ್ಲ. ಒಂಬತ್ತು ಕೆಲಸದವರಲ್ಲಿ ಐದು ಜನ ಊರಿಗೆ ಹೋದರು. ಉಳಿದ ನಾಲ್ವರು, ಇವರು, ಹಿತ್ತಲಿನ ಹಲಸು, ಜೀಗುಜ್ಜೆ, ಕಟ್ಟಿಗೆ ಒಲೆ.

"ಹೇಗೆ ಉಳಿದಿರಿ ಆಂಟಿ?"

"ಸಾಲ ಇರಲಿಲ್ಲ."

ಅಷ್ಟೆ. ಪಕ್ಕದ ಇಪ್ಪತ್ತನಾಲ್ಕು ಕೋಣೆಯವರದ್ದು ಇವರಿಗಿಂತ ಚೆನ್ನಾಗಿ ಓಡುತ್ತಿತ್ತಂತೆ. ಬ್ಯಾಂಕಿನ ಕಂತು ಮಾತ್ರ ಖಾಲಿ ತಿಂಗಳಿಗೂ ಬರುತ್ತಲ್ಲ, ಮಾರಿ ಹೋದರು. ಕೊನೆಗೆ ನನ್ನ ಕೈ ಹಿಡಿದು ಹೇಳಿದರು, "ನಿನ್ನ ಅಣ್ಣನಿಗೆ ಹೇಳು. ತುಂಬಿದ ತಿಂಗಳು ನೋಡಿ ಕಟ್ಟಬೇಡ, ಖಾಲಿ ತಿಂಗಳು ನೋಡಿ ಕಟ್ಟು ಅಂತ."

ನಾನು ಓದಿದ್ದು ಇಂಜಿನಿಯರಿಂಗು, ಎಕ್ಸೆಲ್ ಇಲ್ಲದೆ ನಂಬಿಕೆ ಬರಲ್ಲ. ಆ ರಾತ್ರಿ ಸೊಳ್ಳೆಪರದೆಯೊಳಗೆ ಕೂತು ಅಣ್ಣನ ಲೆಕ್ಕಕ್ಕೆ ಇನ್ನೊಂದು ಕಾಲಂ ಸೇರಿಸಿದೆ. ಅವನ ಶೀಟಿನಲ್ಲಿ ವರ್ಷಪೂರ್ತಿ ಅರವತ್ತು ಪರ್ಸೆಂಟ್ ಕೋಣೆ ಭರ್ತಿ. ಅದರಿಂದ ಮಳೆಗಾಲದ ನಾಲ್ಕು ತಿಂಗಳು ತೆಗೆದೆ, ರಿಪೇರಿ ಹಾಕಿದೆ, ಕಮಿಷನ್ ಹಾಕಿದೆ. ಆಮೇಲೆ ಒಂದಿಡೀ ವರ್ಷ ಸೊನ್ನೆ ಬರೆದು ನೋಡಿದೆ. ಎಂಟು ಕಾಟೇಜಿನ ಲೆಕ್ಕದಲ್ಲಿ ಮನೆ ಬ್ಯಾಂಕಿನ ಪಾಲಾಗುತ್ತಿತ್ತು. ಮನೆ ಹಾಗೇ ಇಟ್ಟು ಜಗಲಿ ಪಕ್ಕದ ಎರಡು ಕೋಣೆ ಮಾತ್ರ ಬಾಡಿಗೆಗೆ ಕೊಟ್ಟರೆ ಲಾಭ ಸಣ್ಣದು, ಆದರೆ ಸೊನ್ನೆ ವರ್ಷದಲ್ಲೂ ಅಪ್ಪ ಅವನ ಮನೆಯಲ್ಲೇ ಇರ್ತಾನೆ.

ಊರಿಗೆ ಬಂದು ಶೀಟ್ ತೋರಿಸಿದೆ. ಅಣ್ಣನಿಗೆ ಸಿಟ್ಟು ಬಂತು. "ನೀನು ಬೆಂಗಳೂರಲ್ಲಿ ಸಂಬಳ ಎಣಿಸ್ತಾ ಕೂತು ಹೇಳೂದು ಸುಲಭ. ಇಲ್ಲಿ ಇದ್ದು ತೆಂಗಿನಕಾಯಿ ನಂಬಿಕೊಂಡು ಬದುಕೂದು ನಾನು" ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಅಪ್ಪನ ಔಷಧಿ ತರೋದು, ಮಳೆಗೆ ಹಂಚು ಸರಿಮಾಡೋದು, ಎಲ್ಲ ಅವನೇ. ಹಾಗಾಗಿ ನನ್ನ ಪಾಲಿನ ಬಗ್ಗೆ ಒಂದು ಮಾತು ಹೇಳಿದೆ: ಎರಡು ಕೋಣೆ ರಿಪೇರಿಗೆ ದುಡ್ಡು ನಾನು ಹಾಕ್ತೀನಿ, ಬರೋ ಬಾಡಿಗೆ ಪೂರ್ತಿ ಅವನದು, ಮನೆ ಮಾತ್ರ ಕೆಡವೋದು ಬೇಡ. ಅವನು ಉತ್ತರ ಕೊಡಲಿಲ್ಲ. ಮೂರು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದೇ ಸಾಲು: "ಹಿತ್ತಾಳೆ ಬಿಜಾಗರಿ ಎಲ್ಲಿ ಸಿಗ್ತದೆ ಕೇಳು."

ಬ್ರೋಕರಿಗೆ ಅಪ್ಪ ಇನ್ನೂ ಬೇಡ ಅಂತ ಬಾಯಿಬಿಟ್ಟು ಹೇಳಿಲ್ಲ, ಚಹಾ ಕೊಟ್ಟು ಕಳಿಸ್ತಾ ಇದ್ದಾನೆ. ಕೋಣೆಗಳ ಕೆಲಸ ಮಳೆಗಾಲ ಮುಗಿದ ಮೇಲೆ. ನಿಮ್ಮಲ್ಲಿ ಯಾರಾದರೂ ಮಲೆನಾಡಲ್ಲೋ ಕರಾವಳಿಯಲ್ಲೋ ಹೋಮ್‌ಸ್ಟೇ ನಡೆಸ್ತಾ ಇದ್ದರೆ, ಅಥವಾ ನಡೆಸಿ ಕೈಸುಟ್ಟುಕೊಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಮುಖ್ಯವಾಗಿ ಆ ಬಿಜಾಗರಿ ಅಂಗಡಿ ಎಲ್ಲಿದೆ ಅಂತ!