ತೊಂಬತ್ತೊಂಬತ್ತು ಪರ್ಸೆಂಟ್

ಹೊಸ ಸಾಫ್ಟ್‌ವೇರ್ ಹಾಕುವಾಗ ಹಸಿರು ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟರೆ ಮನುಷ್ಯನ ಸ್ವಭಾವ ಬಯಲಾಗುತ್ತದೆ. ಕೆಲವರು ಮೌಸನ್ನು ಸುಮ್ಮನೆ ಅಲ್ಲಾಡಿಸುತ್ತಾರೆ, ಕೆಲವರು ಕ್ಯಾನ್ಸಲ್ ಗುಂಡಿಯನ್ನು ಸಿಟ್ಟಿನಿಂದ ನಾಲ್ಕಾರು ಸಲ ಕುಟ್ಟುತ್ತಾರೆ, ಉಳಿದವರು ಪವರ್ ಬಟನ್ ಒತ್ತಿ ಹಿಡಿದು ಕಥೆಯನ್ನೇ ಮುಗಿಸುತ್ತಾರೆ. ಮೂವರ ನಂಬಿಕೆಯೂ ಒಂದೇ: ಅದು ಸತ್ತಿದೆ. ನನಗೆ ಹಾಗನ್ನಿಸುವುದಿಲ್ಲ. ಬಹುಮಟ್ಟಿಗೆ ಅದು ಕಾಯುತ್ತಿರುತ್ತದೆ, ಅದೂ ಅದೇ ಯಂತ್ರದೊಳಗಿನ ಇನ್ನೊಬ್ಬರಿಗಾಗಿ. ಯಾರಿಗಾಗಿ ಕಾಯುತ್ತಿದೆ ಎಂದು ವಿಚಾರಿಸದೆ ಪವರ್ ಬಟನ್ನಿಗೆ ಕೈಹಾಕಿದರೆ ಅರ್ಧ ಬರೆದ ಕಡತಗಳು ಅಲ್ಲೇ ಉಳಿದು, ಮುಂದಿನ ಸಲದ ತೊಂದರೆಗೆ ಇವತ್ತೇ ಅಡಿಪಾಯ ಬೀಳುತ್ತದೆ.

ಈ ಪಟ್ಟಿಯ ಮೇಲೆ ನಮಗಿರುವ ವಿಶ್ವಾಸವೇ ಸ್ವಲ್ಪ ಹೆಚ್ಚಾಯಿತು. ಕೆಲಸ ಎಷ್ಟು ಭಾಗ ಮುಗಿದಿದೆ ಎಂದು ತೋರಿಸುವ ಸೂಚಕ ಪರದೆಯ ಮೇಲಿದ್ದರೆ ಬಳಕೆದಾರರಿಗೆ ಹಿತವಾಗುತ್ತದೆ ಎಂದು ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು 1985ರಲ್ಲೇ ಪ್ರಯೋಗ ಮಾಡಿ ಬರೆದಿದ್ದರು. ಹಿತವಾಗುವುದು ನಿಜ, ಆದರೆ ಪಟ್ಟಿ ಅಳೆಯುವುದು ಸಮಯವನ್ನಲ್ಲ. ಕಡತಗಳನ್ನು ನಕಲು ಮಾಡುವ ಮೊದಲ ಭಾಗ ಇನ್‌ಸ್ಟಾಲರ್ ಒಬ್ಬನೇ ಮಾಡುವ ಕೆಲಸ, ಸರಸರನೆ ಸಾಗುತ್ತದೆ. ವಿಂಡೋಸ್ ತನ್ನ ದಾಖಲೆಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಹೆಸರು ಬರೆಸುವುದು, ಹಿನ್ನೆಲೆಯ ಸೇವೆಗಳನ್ನು ನಿಲ್ಲಿಸಿ ಮತ್ತೆ ಎಬ್ಬಿಸುವುದು, ಆಂಟಿವೈರಸ್‌ನ ತಪಾಸಣೆ ದಾಟುವುದು ಕೊನೆಯ ಪಾಲಿಗೆ ಬರುತ್ತವೆ, ಅಲ್ಲೆಲ್ಲ ಬೇರೆಯವರ ಒಪ್ಪಿಗೆ ಬೇಕು. 'ನಾಟ್ ರೆಸ್ಪಾಂಡಿಂಗ್' ಎಂಬ ಭಯಂಕರ ಬರಹದ್ದೂ ಇದೇ ಹಣೆಬರಹ. ಒಂದು ಕಿಟಕಿ ಸುಮಾರು ಐದು ಸೆಕೆಂಡು ತನಗೆ ಬಂದ ಸಂದೇಶಗಳನ್ನು ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದಕ್ಕೆ ಆ ಬಿರುದು ಕೊಡುತ್ತದೆ. ತಲೆ ಎತ್ತದೆ ದುಡಿಯುವವನಿಗೂ ನಿಜವಾಗಿ ಕೈಚೆಲ್ಲಿ ಕುಳಿತವನಿಗೂ ಬಿರುದು ಒಂದೇ.

ಕಾಯಬೇಕಾದ ಪ್ರಸಂಗವಾದರೂ ಏಕೆ ಬಂತು? ಬಡತನದಿಂದ. ವಿಂಡೋಸ್ 95 ನಾಲ್ಕೇ ಎಂಬಿ ಮೆಮೊರಿಯಲ್ಲೂ ಓಡಬೇಕಿತ್ತು. ಗುಂಡಿ, ಮೆನು ಬಿಡಿಸುವ ಕೋಡನ್ನು ಪ್ರತಿ ಪ್ರೋಗ್ರಾಮೂ ತನ್ನ ಜೊತೆ ಹೊತ್ತು ತರುವಷ್ಟು ಜಾಗವಿರಲಿಲ್ಲ. ಹಾಗಾಗಿ ಡಿಎಲ್‌ಎಲ್ ಎಂಬ ಹಂಚಿಕೆಯ ಕಡತಗಳ ಒಂದೊಂದೇ ಪ್ರತಿ ಸಿಸ್ಟಮ್ ಫೋಲ್ಡರಿನಲ್ಲಿ ಇರುತ್ತಿತ್ತು, ಎಲ್ಲರೂ ಅವನ್ನೇ ಬಳಸುತ್ತಿದ್ದರು. ಹತ್ತು ಮನೆಗೆ ಒಂದೇ ನಲ್ಲಿ ಇರುವ ಹಳೆಯ ಬೆಂಗಳೂರಿನ ವಠಾರದ ಏರ್ಪಾಡು ಇದು. ಹೊಸದಾಗಿ ಬಂದ ಬಾಡಿಗೆಯವರು ನಲ್ಲಿಯನ್ನು ಕಿತ್ತು ತಮ್ಮ ಹಳೇ ಊರಿನ ನಲ್ಲಿ ಜೋಡಿಸಿದರೆ ಎದುರು ಮನೆಯವರ ಕೊಡ ತುಂಬುವುದಿಲ್ಲ. ಇನ್‌ಸ್ಟಾಲರುಗಳು ಮಾಡಿದ್ದೂ ಅದನ್ನೇ. ಅಲ್ಲಿದ್ದ ಹೊಸ ಆವೃತ್ತಿಯ ಮೇಲೆ ತಮ್ಮ ಸಿ.ಡಿ.ಯಲ್ಲಿದ್ದ ಹಳೆಯದನ್ನು ಬರೆದು ಹೋಗುತ್ತಿದ್ದವು. ಮಕ್ಕಳ ಆಟ ಹಾಕಿದ ಮರುದಿನ ಲೆಕ್ಕಪತ್ರದ ಪ್ರೋಗ್ರಾಮು ಏಳುತ್ತಿರಲಿಲ್ಲ, ಬೈಗುಳ ಮಾತ್ರ ಲೆಕ್ಕಪತ್ರದ್ದನ್ನು ಬರೆದವನಿಗೆ. ಎಂಜಿನಿಯರುಗಳು ಈ ಸ್ಥಿತಿಗೆ ಇಟ್ಟ ಹೆಸರು ಡಿಎಲ್‌ಎಲ್ ಹೆಲ್. ವಿಂಡೋಸ್ 2000 ಬಂದಾಗ, ಯಾರಾದರೂ ಮುಖ್ಯ ಕಡತವನ್ನು ಬದಲಿಸಿದರೆ ಸದ್ದಿಲ್ಲದೆ ಮೂಲ ಪ್ರತಿಯನ್ನೇ ತಂದು ಕೂರಿಸುವ ಕಾವಲು ಬಂತು. 2001ರ ಎಕ್ಸ್‌ಪಿಯಲ್ಲಿ ಒಂದೇ ಕಡತದ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಡುವ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರು ಸೇರಿತು. ಡಿಸ್ಕು ಅಗ್ಗವಾದದ್ದರಿಂದ ಬಂದ ನೆಮ್ಮದಿ ಅದು, ಯಾರಿಗೂ ಜ್ಞಾನೋದಯವಾಗಿ ಬಂದದ್ದಲ್ಲ.

ಕಡತಗಳ ಜಗಳ ತಗ್ಗಿದರೂ ಸರದಿ ಉಳಿಯಿತು. ವಿಂಡೋಸ್ ಇನ್‌ಸ್ಟಾಲರ್ ಎಂಬ ವ್ಯವಸ್ಥೆ ಒಂದು ಸಲಕ್ಕೆ ಒಂದೇ ಸ್ಥಾಪನೆಗೆ ಅವಕಾಶ ಕೊಡುತ್ತದೆ. ಎರಡನೆಯವನು ಬಾಗಿಲು ಬಡಿದರೆ ಬರುವ ಉತ್ತರ 1618ನೇ ನಂಬರಿನ ತಪ್ಪು: ಇನ್ನೊಂದು ಕೆಲಸ ನಡೆಯುತ್ತಿದೆ, ಮೊದಲು ಅದು ಮುಗಿಯಲಿ. ಆ ಇನ್ನೊಂದು ಯಾವುದೆಂದು ಮಾತ್ರ ಅದು ಹೇಳುವುದಿಲ್ಲ; ಅನೇಕ ಸಲ ಅದು ಹಿನ್ನೆಲೆಯಲ್ಲಿ ತಾನೇ ತಾನಾಗಿ ಶುರುವಾದ ಯಾವುದೋ ಅಪ್‌ಡೇಟ್. ಇನ್ನೂ ಕೆಲವು ಸಲ, ಅನುಮತಿ ಕೇಳುವ ಪುಟ್ಟ ಪೆಟ್ಟಿಗೆ ದೊಡ್ಡ ಕಿಟಕಿಯ ಹಿಂದೆ ಅಡಗಿ ಪರದೆಯ ಕೆಳಗಿನ ಟಾಸ್ಕ್‌ಬಾರಿನಲ್ಲಿ ಮಿಣುಕುತ್ತಿರುತ್ತದೆ. ಅಂದರೆ ಇನ್‌ಸ್ಟಾಲರ್ ನಮಗಾಗಿಯೇ ಕಾಯುತ್ತಿದೆ, ನಾವು ಅದಕ್ಕಾಗಿ! ಇದನ್ನು ಬಿಡಿಸುವ ಉಪಾಯವೂ ಯಂತ್ರದಲ್ಲೇ ಇದೆ. ವಿಂಡೋಸ್ 7ರ ಕಾಲದಿಂದ ರಿಸೋರ್ಸ್ ಮಾನಿಟರಿನಲ್ಲಿ ನಿಂತುಹೋದ ಪ್ರೋಗ್ರಾಮಿನ ಹೆಸರಿನ ಮೇಲೆ ಬಲಗುಂಡಿ ಒತ್ತಿದರೆ 'ಅನಲೈಸ್ ವೇಟ್ ಚೈನ್' ಎಂಬ ಆಯ್ಕೆ ಸಿಗುತ್ತದೆ. ಇವನು ಅವನಿಗೆ, ಅವನು ಮತ್ತೊಬ್ಬನಿಗೆ ಕಾದು ಕುಳಿತಿರುವ ಸಾಲು ಅಲ್ಲಿ ಕಾಣುತ್ತದೆ. ಇಷ್ಟು ಒಳ್ಳೆಯ ಸಲಕರಣೆಯನ್ನು ಇಷ್ಟು ಒಳಗೆ ಬಚ್ಚಿಟ್ಟವರ ಬಗ್ಗೆ ನನಗೆ ಗೌರವವಿಲ್ಲ.

ಗಡಿಯಾರ ಕೊಂಡವನು ಹಲ್ಲುಗಾಲಿ ಎಣಿಸಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಜಗಳವಾಡುವ ಎರಡು ಪ್ರೋಗ್ರಾಮುಗಳನ್ನು ತಯಾರಿಸಿದವರು ಬೇರೆ ಬೇರೆ ಕಂಪನಿಯವರು, ಇಬ್ಬರೂ ತಮ್ಮ ತಮ್ಮ ಪ್ರಯೋಗಶಾಲೆಯಲ್ಲಿ ಗೆದ್ದವರೇ. ಆ ಇಬ್ಬರು ಒಟ್ಟಿಗೆ ಸೇರುವ ಜಾಗ ನಮ್ಮ ಮೇಜು ಮಾತ್ರ, ಸಾಕ್ಷ್ಯ ಬೇರೆಲ್ಲೂ ಸಿಗುವುದಿಲ್ಲ. ಎಲ್ಲ ಅಳಿಸಿ ವಿಂಡೋಸನ್ನೇ ಹೊಸದಾಗಿ ಹಾಕಿದರೆ ಸರಿಹೋಗುತ್ತದೆ ಎನ್ನುವುದು ಅಂಗಡಿಯವರ ಪ್ರಿಯವಾದ ವಾದ. ಸರಿಹೋಗುವುದು ಹೌದು, ಹಳೆಯ ಜೋಡಿಯನ್ನೇ ಮತ್ತೆ ತಂದು ಕೂರಿಸುವವರೆಗೆ. ಅದರ ಬದಲು ವಿಂಡೋಸ್‌ನಲ್ಲೇ ಇರುವ ಎಂಎಸ್‌ಕಾನ್ಫಿಗ್ ಎಂಬ ಸಲಕರಣೆಯಲ್ಲಿ ಹೊರಗಿನವರ ಸೇವೆಗಳಲ್ಲಿ ಅರ್ಧವನ್ನು ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡುವ ಕ್ರಮವಿದೆ. ತೊಂದರೆ ಹೋದರೆ ಕಳ್ಳ ನಿಲ್ಲಿಸಿದ ಅರ್ಧದಲ್ಲಿದ್ದಾನೆ, ಹೋಗದಿದ್ದರೆ ಉಳಿದ ಅರ್ಧದಲ್ಲಿ. 64 ಸೇವೆಗಳಿದ್ದರೂ ಆರೇ ಸುತ್ತಿಗೆ ಸಿಕ್ಕಿಬೀಳುತ್ತಾನೆ. ಇಬ್ಬರು ಸೇರಿದಾಗ ಮಾತ್ರ ಕೆಡುವ ಜೋಡಿಯಾದರೆ ಈ ಲೆಕ್ಕ ತಪ್ಪುತ್ತದೆ, ಆಗ ಸುತ್ತುಗಳು ಹೆಚ್ಚುತ್ತವೆ.

ಫೋನಿನಲ್ಲಿ ಈ ರಗಳೆ ಇಲ್ಲವಲ್ಲ, ಅಲ್ಲಿ ಪ್ರತಿ ಆ್ಯಪ್ ತನ್ನ ಕೋಣೆಯಲ್ಲೇ ಇರುತ್ತದೆ, ಕಂಪ್ಯೂಟರಿಗೂ ಅದನ್ನೇ ತಂದರಾಯಿತು ಎನ್ನುವುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಆದರೆ ಕೆಲವು ಪ್ರೋಗ್ರಾಮುಗಳು ಇನ್ನೊಬ್ಬರ ಕೋಣೆಗೆ ನುಗ್ಗದೆ ಬದುಕಲಾರವು, ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರಬೇಕು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಎಂಬ ಕನ್ನಡ ತಂತ್ರಾಂಶ ಬಂದಾಗಲಾಗಲಿ, ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗಲಾಗಲಿ, ವಿಂಡೋಸ್ 98ಕ್ಕೆ ಕನ್ನಡವೇ ತಿಳಿದಿರಲಿಲ್ಲ. ಪುಟ ವಿನ್ಯಾಸದ ಪೇಜ್‌ಮೇಕರಿನಲ್ಲಿ ಕನ್ನಡ ಮೂಡಬೇಕಾದರೆ ಕೀಲಿಮಣೆಗೂ ಪೇಜ್‌ಮೇಕರಿಗೂ ನಡುವೆ ಯಾರಾದರೂ ನಿಲ್ಲಬೇಕು. 'ಕ' ಒತ್ತಿದ ಮೇಲೆ ಗುಡಿಸು ಒತ್ತಿದರೆ, ಬರೆದ ಅಕ್ಷರವನ್ನು ಬ್ಯಾಕ್‌ಸ್ಪೇಸ್ ಕಳಿಸಿ ಅಳಿಸಿ, ಹೊಸ ಆಕಾರವನ್ನು ತುರುಕಬೇಕು. ಪ್ರತಿ ಕೀಲಿಯನ್ನೂ ದಾರಿಯಲ್ಲೇ ಹಿಡಿಯುವ ಈ ವಿದ್ಯೆಯನ್ನೇ ಪಾಸ್‌ವರ್ಡ್ ಕದಿಯುವ ಕೀಲಾಗರುಗಳೂ ಬಳಸುತ್ತವೆ. ನಡತೆ ನೋಡಿ ತೀರ್ಮಾನಿಸುವ ಆಂಟಿವೈರಸ್‌ಗೆ ಇಬ್ಬರೂ ಒಂದೇ ಥರ ಕಂಡರೆ ಅದರ ತಪ್ಪೆನ್ನಲಾಗದು. 2019ರ ಮೇ ಅಪ್‌ಡೇಟ್‌ನಲ್ಲಿ ವಿಂಡೋಸ್ 10 ತನ್ನೊಳಗೇ ಕನ್ನಡದ ಫೊನೆಟಿಕ್ ಕೀಲಿಮಣೆ ಇಟ್ಟುಕೊಂಡಿತು. ಮನೆಯವನೇ ಆದವನನ್ನು ಕಾವಲುಗಾರ ತಡೆಯುವುದಿಲ್ಲ, ಯೂನಿಕೋಡಿನಲ್ಲಿ ಬರೆಯುವವರಿಗೆ ಅಲ್ಲಿಗೆ ತಂಟೆ ಮುಗಿಯಿತು. ಆದರೆ 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಅದನ್ನೇ ನೆಚ್ಚಿಕೊಂಡ ಮುದ್ರಣಾಲಯಗಳಿಗೆ ನಡುವೆ ನಿಲ್ಲುವ ಹಳೆಯ ತಂತ್ರಾಂಶ ಇನ್ನೂ ಬೇಕು. ಅಲ್ಲಿ ಅದನ್ನು ಹಾಕುವ ಮೊದಲೇ ಆಂಟಿವೈರಸ್‌ನ ವಿನಾಯಿತಿ ಪಟ್ಟಿಯಲ್ಲಿ ಅದರ ಫೋಲ್ಡರಿನ ಹೆಸರು ಸೇರಿಸಿಕೊಳ್ಳುವುದು ಒಳ್ಳೆಯದು, ಸಿ.ಡಿ. ಮಾತ್ರ ನಂಬಿಕಸ್ತರ ಕೈಯಿಂದ ಬಂದದ್ದಾಗಿರಬೇಕು.