ಮಳೆ ಒಪ್ಪಿದ ಮನೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸುತ್ತಮುತ್ತ ಈಗ ಹೊಸ ಮನೆ ಕಟ್ಟಿಸುವವರಿಗೂ ಹಳೆಮನೆ ರಿಪೇರಿಗೆ ಎತ್ತಿಕೊಂಡವರಿಗೂ ಚಿತ್ರಗಳ ಕೊರತೆಯಿಲ್ಲ. ಫೋನಿನ ಮೇಲೆ ಬೆರಳಾಡಿಸಿದರೆ ಬಾಲಿ ದ್ವೀಪದ ಬಚ್ಚಲು, ಸ್ವೀಡನ್ನಿನ ಅಡುಗೆಮನೆ, ರಾಜಸ್ಥಾನದ ಹವೇಲಿಯ ಬಾಗಿಲು ಒಂದರ ಬೆನ್ನಿಗೊಂದು ಬರುತ್ತವೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಜನ ಈ ಚಿತ್ರಗಳನ್ನು ಹಿಡಿದುಕೊಂಡೇ ಆಚಾರಿಯ ಬಳಿ, ಗಾರೆ ಮೇಸ್ತ್ರಿಯ ಬಳಿ ಹೋಗುತ್ತಾರೆ. ಮನೆ ಚಂದ ಇರಬೇಕೆಂಬ ಆಸೆ ಒಳ್ಳೆಯದೇ. ವರ್ಷವಿಡೀ ಗಿಡ, ಗೊಬ್ಬರ, ಆಳು, ರೇಟು ಎಂದು ಒದ್ದಾಡುವವರು ಸಂಜೆ ಬಂದು ಕೂರುವ ಜಾಗ ಕಣ್ಣಿಗೆ ತಂಪಾಗಿರಲಿ ಎಂದು ಬಯಸಿದರೆ ತಪ್ಪೇನು? ಆದರೆ ಅಂಥ ಚಿತ್ರವನ್ನು ಯಾರಾದರೂ ನನಗೆ ತೋರಿಸಿದಾಗ ನನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ ಒಂದೇ: ಆ ಊರಿನಲ್ಲಿ ಆರಿದ್ರಾ ಮಳೆ ಹೊಡೆಯುತ್ತದೆಯೇ?

ನಮ್ಮ ಘಟ್ಟದ ಅಂಚಿನಲ್ಲಿ ಮನೆಯೊಳಗಿನ ಒಂದೊಂದು ವಸ್ತುವನ್ನೂ ಕೊನೆಗೆ ಪರೀಕ್ಷೆ ಮಾಡುವುದು ಮಳೆ. ಕೊಟ್ಟಿಗೆಹಾರದಲ್ಲಿ ಜೂನ್ ತಿಂಗಳು ಮುಗಿಯುವಷ್ಟರಲ್ಲಿ ಚರ್ಮದ ಸೋಫಾದ ಮೇಲೆ ಹಸಿರು ಬೂಷ್ಟು ಹತ್ತುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ಅಡಿಯಿಂದ ಉಬ್ಬಿ, ಬಾಗಿಲು ಮುಚ್ಚದೆ ನಿಲ್ಲುತ್ತದೆ. ಗೋಡೆಗೆ ಅಂಟಿಸಿದ ಬಣ್ಣದ ಕಾಗದ ಮೂಲೆಯಿಂದ ಸುರುಳಿ ಬಿಚ್ಚಿಕೊಳ್ಳುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಗಳುವಿನಲ್ಲೇ. ಮಳೆಯ ಈ ನಾಲ್ಕು ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಲಂಕಾರ ಇಲ್ಲಿ ಒಂದೇ ಮಳೆಗಾಲದ ಅಲಂಕಾರ. ಆದ್ದರಿಂದ ಒಳಗಿನ ಚಂದದ ಮಾತನ್ನು ನಾನು ಹೊರಗಿನ ಸೂರಿನಿಂದಲೇ ಶುರು ಮಾಡುತ್ತೇನೆ. ಸೂರು ಗೋಡೆಯನ್ನು ಬಿಟ್ಟು ಎಷ್ಟು ದೂರ ಚಾಚಿದೆಯೋ ಅಷ್ಟು ಒಳ್ಳೆಯದು. ಚಾಚಿದ ಸೂರಿನಡಿ ಗೋಡೆ ಒಣಗಿರುತ್ತದೆ, ಎರಚಲು ಹೊಡೆಯುವ ದಿನವೂ ಕಿಟಕಿ ತೆರೆದಿಡಬಹುದು, ಕಿಟಕಿ ತೆರೆದಿದ್ದರೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ. ಪೆಟ್ಟಿಗೆಯ ಹಾಗೆ ನುಣ್ಣಗೆ ಕತ್ತರಿಸಿದ, ಸೂರೇ ಇಲ್ಲದ ಮನೆಗಳ ಚಿತ್ರ ನೋಡಿ ಮಾರುಹೋಗುವವರಿಗೆ ಇದನ್ನು ಹೇಳಲೇಬೇಕು.

ಆ ಸೂರಿಗೆ ಹೊದೆಸಿದ ಹೆಂಚು ಚಾರ್ಮಾಡಿ ಘಾಟಿ ಹತ್ತಿ ಬಂದದ್ದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಅಚ್ಚೊತ್ತಿದ ಹೆಂಚು ಬರುವ ಮುಂಚೆ ಇಲ್ಲಿಯ ಬಹುಪಾಲು ಮನೆಗಳಿಗೆ ಹುಲ್ಲಿನ ಮಾಡೇ ಗತಿ. ಆ ಕಾರ್ಖಾನೆಯ ಹೆಂಚಿನ ಬೆನ್ನ ಮೇಲೆ ಅದು ಶುರುವಾದ ವರ್ಷವೂ ಅಚ್ಚಾಗಿರುತ್ತದೆ. ಅದನ್ನೇ ಮನೆ ಕಟ್ಟಿದ ವರ್ಷವೆಂದು ನಂಬಿ ಹೆಮ್ಮೆಪಡುವವರು ಇದ್ದಾರೆ. ಅಂಥ ಮಾಡಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹೆಂಚು ಕೂರಿಸಿರುತ್ತಾರೆ. ಮೋಡ ಕವಿದ ಮಧ್ಯಾಹ್ನ ಅದರಿಂದ ನೆಲಕ್ಕಿಳಿಯುವ ಬೆಳಕಿನ ಚೌಕಕ್ಕಿಂತ ಚೆಲುವಾದ ದೀಪವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ತೊಟ್ಟಿಮನೆಯ ನಡು ಅಂಗಳ ಮಾಡುವ ಕೆಲಸವೂ ಅದೇ. ನಾಲ್ಕೂ ಕಡೆಯ ಜಗಲಿಗೆ ಬೆಳಕನ್ನೂ ಗಾಳಿಯನ್ನೂ ಹಂಚುತ್ತದೆ, ಮಾಡಿನ ನೀರನ್ನು ಇಳಿಸಿಕೊಂಡು ಹೊರಗೆ ಕಳಿಸುತ್ತದೆ. ಗೋಡೆಗೆ ಸುಣ್ಣದ ಬಿಳಿ ಹೊಡೆದು, ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರಲ್ಲ, ಅದಕ್ಕೂ ಕಾರಣವಿದೆ. ಬಿಳಿ ಗೋಡೆ ಇರುವ ಸ್ವಲ್ಪ ಬೆಳಕನ್ನು ಕೋಣೆಯ ಮೂಲೆಗೂ ತಲುಪಿಸುತ್ತದೆ. ಅಂಗಳದಿಂದ ಸಿಡಿಯುವ ಕೆಸರು ಕೆಂಪು ಪಟ್ಟಿಯ ಮೇಲೆ ಕಾಣುವುದಿಲ್ಲ. ಇವತ್ತಿನ ಕೋಣೆಗೂ ಈ ಬಿಳಿ ಕೆಂಪಿನ ಜೋಡಿಗಿಂತ ಒಪ್ಪುವ ಬಣ್ಣ ಹುಡುಕುವುದು ಕಷ್ಟ.

ಇನ್ನು ನೆಲ. ಮಲೆನಾಡಿನ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲು ಇದ್ದದ್ದು ಮಣ್ಣಿನ ನೆಲ. ಸಗಣಿಗೆ ತೆಂಗಿನ ಚಿಪ್ಪು ಸುಟ್ಟ ಮಸಿ ಬೆರೆಸಿ, ಮುಂದೆ ಟಾರ್ಚಿನ ಹಳೆಯ ಸೆಲ್ ಒಡೆದು ಅದರ ಕಪ್ಪು ಪುಡಿ ಬೆರೆಸಿ ಸಾರಿಸುತ್ತಿದ್ದರು. ಕರಿಕಲ್ಲಿನ ಹಾಗೆ ಮಿರುಗುತ್ತಿದ್ದ ಆ ನೆಲದ ಮೇಲೆ ರಂಗೋಲಿಯ ಗೆರೆ ಎದ್ದು ಕಾಣುತ್ತಿತ್ತು. ಸಿಮೆಂಟು ಬಂದ ಮೇಲೆ ರೆಡ್ ಆಕ್ಸೈಡ್ ನೆಲ ಬಂತು. ಸಾಮಾನ್ಯವಾಗಿ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಕೆಂಪು ಪುಡಿ ಸೇರಿಸಿ, ಅಡಿಯ ಗಾರೆ ಇನ್ನೂ ಹಸಿಯಿರುವಾಗಲೇ ಮೇಲೆ ತೆಳುವಾಗಿ ಎಳೆಯಬೇಕು. ಒಂದು ಕೋಣೆಯನ್ನು ಹಿಡಿದರೆ ಮುಗಿಯುವ ತನಕ ಮೇಸ್ತ್ರಿ ಏಳುವಂತಿಲ್ಲ. ನಡುವೆ ನಿಲ್ಲಿಸಿದರೆ ಅಲ್ಲಿ ಗೆರೆ ಉಳಿಯುತ್ತದೆ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಕರಣೆಯಿಂದ ಉಜ್ಜುತ್ತ, ಮುಖ ಕಾಣುವ ಹೊಳಪು ಬರುವ ತನಕ ಉಜ್ಜಬೇಕು. ಆಮೇಲೆ ಒಂದು ವಾರ ನೀರು ಕಟ್ಟಿ ನಿಲ್ಲಿಸಬೇಕು, ತೆಂಗಿನೆಣ್ಣೆ ಹಚ್ಚಿ ಒರೆಸಬೇಕು. ಅಷ್ಟಾದ ಮೇಲೆ ಆ ನೆಲ ಮನೆಯವರ ಕಾಲಿನಿಂದಲೇ ನುಣುಪಾಗುತ್ತ ಹೋಗುತ್ತದೆ. ನಲವತ್ತು ಐವತ್ತು ವರ್ಷದ ಕೆಂಪು ನೆಲ ಹೊಸದಕ್ಕಿಂತ ಚೆಲುವಾಗಿರುತ್ತದೆ. ಅಲ್ಲೊಂದು ಇಲ್ಲೊಂದು ಕೂದಲೆಳೆಯ ಬಿರುಕು ಬರುತ್ತದೆ ನಿಜ. ಟೈಲ್ಸಿನ ಸಂದಿಯಲ್ಲಿ ಕೂರುವ ಕೊಳೆಗಿಂತ ಅದು ಎಷ್ಟೋ ವಾಸಿ.

ಕೆಂಪು ನೆಲದ ಬಣ್ಣ ಕಬ್ಬಿಣದ ಆಕ್ಸೈಡಿನದು. ನಮ್ಮ ತೋಟದ ಮಣ್ಣಿಗೆ ಕೆಂಪು ಕೊಟ್ಟದ್ದೂ ಅದೇ. ಕಾಫಿ ಗಿಡದ ಬುಡದಿಂದ ನಡುಮನೆಯ ತನಕ ಒಂದೇ ಬಣ್ಣ ನಡೆದು ಬಂದಿರುವುದರಿಂದಲೇ ಆ ನೆಲ ಇಲ್ಲಿಗೆ ಅಷ್ಟು ಹೊಂದುತ್ತದೆ ಎಂದು ನನ್ನ ನಂಬಿಕೆ. ಇದರ ಮೇಲೆ ಯಾವ ಮರದ ಕುರ್ಚಿ ಇಟ್ಟರೂ ಕುರ್ಚಿಯ ಅಂದ ಹೆಚ್ಚುತ್ತದೆ.

ಮರದ ವಿಷಯಕ್ಕೆ ಬಂದರೆ ಎಲ್ಲರ ಮನಸ್ಸು ಬೀಟೆಯ ಮೇಲೆ. ಅಜ್ಜನ ಕಾಲದ ಬೀಟೆ ಮಂಚ, ಬೀಟೆ ಪೆಟಾರಿ ಇದ್ದವರು ಪುಣ್ಯವಂತರು, ಒರೆಸಿ ಇಟ್ಟುಕೊಳ್ಳಲಿ. ಹೊಸದಾಗಿ ಬೀಟೆಯೇ ಬೇಕೆಂದು ಹಟ ಹಿಡಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೀಟೆ ಬಲಿಯಲು ತಲೆಮಾರುಗಳೇ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟ್ಸ್ ಒಪ್ಪಂದದ ಕಡಿವಾಣ ಬಿದ್ದಿದೆ. ತೋಟದಲ್ಲೇ ಬೇರೆ ಮರಗಳಿಲ್ಲವೇ? ಹಲಸು ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಕಂದು. ಬಾಗಿಲಿಗೆ ಹೆಬ್ಬಲಸು ಇದೆ, ಹೊನ್ನೆ ಇದೆ. ಮೆಣಸಿನ ಬಳ್ಳಿ ಹಬ್ಬಿಸಲು ಸಾಲಾಗಿ ನೆಟ್ಟ ಸಿಲ್ವರ್ ಮರವನ್ನು ಕಡಿಯಲು ಆ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಆಸ್ಟ್ರೇಲಿಯಾದಿಂದ ನೆರಳಿಗೆಂದು ಬಂದ ಈ ಮರವನ್ನು ನಾವು ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಕೊಟ್ಟು ಅದರ ಬೆಲೆ ತಿಳಿಯದೆ ಕೂತಿದ್ದೇವೆ. ಸರಿಯಾದ ಕೋನದಲ್ಲಿ ಸೀಳಿಸಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿದರೆ ಅದರ ಹಲಗೆಯ ಮೇಲೆ ನವಿರಾದ ಜಾಲರಿಯಂಥ ಚಿತ್ತಾರ ಏಳುತ್ತದೆ. ಕಪಾಟಿಗೆ, ಪುಸ್ತಕದ ಶೆಲ್ಫಿಗೆ ಧಾರಾಳವಾಗಿ ಸಾಕು. ಮುದಿ ರೋಬಸ್ಟಾ ಗಿಡ ಕಿತ್ತಾಗ ಸಿಗುವ ಬೊಡ್ಡೆಯಂತೂ ನಮ್ಮ ಸೀಮೆಗೇ ಸಲ್ಲುವ ವಸ್ತು. ಸಿಪ್ಪೆ ಸುಲಿದು, ನಯ ಮಾಡಿ, ತಲೆಕೆಳಗಾಗಿ ನಿಲ್ಲಿಸಿ ಮೇಲೊಂದು ಗಾಜು ಕೂರಿಸಿದರೆ ಟೀಪಾಯಿ. ಚಿಕ್ಕಮಗಳೂರಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇದು ಕಾಣುತ್ತದೆ. ಹೊರಗಿನವರು ಕಂಡು ಬೆರಗಾಗುತ್ತಾರೆ.

ಕಳಸದ ಹತ್ತಿರ ಇರುವ ನಮ್ಮ ಚಿಕ್ಕಮ್ಮನ ಮನೆಯ ಅಡುಗೆಕೋಣೆಯ ಮುಚ್ಚಿಗೆ ಹೊಗೆ ಕಟ್ಟಿ ಕಪ್ಪಾಗಿದೆ. ಬೆಂಗಳೂರಿನಲ್ಲಿದ್ದು ಬಂದ ಮಗ ಅದನ್ನೆಲ್ಲ ಉಜ್ಜಿಸಿ ತಿಳಿಬಣ್ಣ ಮಾಡಿಸುತ್ತೇನೆಂದು ಹೊರಟ. ಚಿಕ್ಕಮ್ಮ ಕಾಫಿ ಸೋಸುತ್ತಲೇ ಹೇಳಿದರು: “ಹೊಗೆ ಕುಡ್ದಿರೋ ಮರಕ್ಕೆ ಹುಳ ಬರಲ್ಲ ಕಣೋ ಮಗ. ಅದರ ಕೆಳಗೆ ಒಲೆನೂ ತೆಗ್ದು, ಮೇಲೆ ಆ ಕಪ್ಪೂ ತೆಗ್ದ್ರೆ ನಾಡಿದ್ದು ಮಳೆಗಾಲಕ್ಕೆ ಅದನ್ನ ಕಾಯೋರ್ ಯಾರು ಮಾರಾಯ?” ಅವನು ಗೋಡೆಗೆ ಬಿಳಿ ಹೊಡೆಸಿ, ಕಪ್ಪು ಮುಚ್ಚಿಗೆಯನ್ನು ಹಾಗೇ ಬಿಟ್ಟ. ಗೋಡೆಯಗಲಕ್ಕೂ ಇದ್ದ ನಾಗಂದಿಗೆಯ ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಮತ್ತೆ ಸಾಲಾಗಿ ಇಟ್ಟರು. ಈಗ ಆ ಅಡುಗೆಮನೆಯಷ್ಟು ಸೊಗಸಾದದ್ದು ಆ ಊರಿನಲ್ಲಿ ಇನ್ನೊಂದಿಲ್ಲ.

ಎಸ್ಟೇಟ್ ಬಂಗಲೆಗಳಿಂದ ಕಲಿಯುವುದೂ ಇದೆ. ಮೂಡಿಗೆರೆ ಸೀಮೆಯಲ್ಲಿ ತೋಟ ಮಾಡಿದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ 1871ರಲ್ಲಿ ಮೈಸೂರು ಕಾಡಿನ ಪ್ಲಾಂಟರ್ ಬದುಕನ್ನು ಕುರಿತು ಪುಸ್ತಕವನ್ನೇ ಬರೆದ. ಅಂಥವರ ಕಾಲದಿಂದ ಬಂದ ಅಗಲವಾದ ವರಾಂಡ, ಕೈ ಉದ್ದ ಚಾಚಿದ ಬೆತ್ತದ ಆರಾಮ ಕುರ್ಚಿ, ಬೆಂಕಿಗೂಡು ಇವೆಲ್ಲ ಈ ಹವೆಗೆ ಸರಿಹೊಂದುತ್ತವೆ. ಗೋಡೆಗೆ ಮೊಳೆ ಹೊಡೆದ ಕಡವೆಯ ತಲೆ, ಕಾಟಿಯ ಕೊಂಬು ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆಯ ಮಾತು ಒಂದು ಕಡೆಗಿರಲಿ, ಸತ್ತ ಪ್ರಾಣಿಯ ಗಾಜಿನ ಕಣ್ಣಿನ ಕೆಳಗೆ ಮಕ್ಕಳು ಕೂತು ಓದುವುದು ನನಗೆ ಹಿಡಿಸುವುದಿಲ್ಲ. ಗೋಡೆಗೆ ಕಾಡು ಬೇಕೆಂದರೆ ಮೂಡಿಗೆರೆಯಲ್ಲೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ದಾರಿ ತೋರಿಸಿದ್ದಾರೆ. ಅವರು ಕೋವಿಯನ್ನೂ ಬಲ್ಲವರು, ಆದರೆ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದು ತೆಗೆದ ಹಕ್ಕಿಗಳ ಚಿತ್ರಗಳೇ ಜನರ ಮನಸ್ಸಿನಲ್ಲಿ ಉಳಿದವು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ, ಹೋಗಿ ನೋಡಿ. ನಿಮ್ಮ ತೋಟದ ಮಡಿವಾಳ ಹಕ್ಕಿಯನ್ನೋ ಮರಕುಟಿಗವನ್ನೋ ಮನೆಯ ಹುಡುಗರೇ ಫೋಟೊ ತೆಗೆದು ಚೌಕಟ್ಟು ಹಾಕಿಸಿದರೆ, ದೂರದ ಊರಿನ ಸಮುದ್ರದ ಚಿತ್ರಕ್ಕಿಂತ ಅದು ನೂರು ಪಾಲು ಮೇಲು.

ನೋಡಿ ಕಲಿಯಲು ಇನ್ನೂ ಜಾಗಗಳಿವೆ. ಕೊಪ್ಪ ದಾಟಿ ತೀರ್ಥಹಳ್ಳಿ ತಾಲ್ಲೂಕಿಗೆ ಕಾಲಿಟ್ಟರೆ ಕುಪ್ಪಳಿಯ ಕವಿಮನೆ. ಕುವೆಂಪು ಹುಟ್ಟಿದ್ದು ನಮ್ಮ ಜಿಲ್ಲೆಯ ಹಿರೇಕೊಡಿಗೆಯಲ್ಲಾದರೂ ಬೆಳೆದದ್ದು ಆ ದೊಡ್ಡ ತೊಟ್ಟಿಮನೆಯಲ್ಲಿ. ಅಲ್ಲಿ ಮುಂಡಿಗೆಗಳ ದಪ್ಪ, ಜಗಲಿಯ ಎತ್ತರ, ಅಟ್ಟದ ಏಣಿಯ ಇಳಿಜಾರು ಇವನ್ನೆಲ್ಲ ಕಣ್ಣಳತೆಯಲ್ಲಿ ತಂದುಕೊಳ್ಳಬಹುದು. ಘಟ್ಟ ಇಳಿದರೆ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಕಟ್ಟಿದ ಮಣಿಪಾಲದ ಹಸ್ತಶಿಲ್ಪ ಗ್ರಾಮ. 1996ರಲ್ಲಿ ತೆರೆದ ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬವೊಂದರ ಮನೆಯೇ ಹೋಗಿ ನಿಂತಿದೆ. ನಮ್ಮ ಊರಿನ ಮನೆಯನ್ನು ಪರ ಊರಿನವರು ಟಿಕೆಟ್ ಕೊಟ್ಟು ನೋಡುತ್ತಿದ್ದಾರೆ ಎಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು.

ಹೋಂಸ್ಟೇಗಳು ಹೆಚ್ಚಿದ ಮೇಲೆ ಹಳೆಯ ವಸ್ತುಗಳಿಗೆ ಬೆಲೆ ಬಂದಿದೆ. ಅದರಿಂದ ಒಳ್ಳೆಯದೂ ಆಗಿದೆ: ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಕಡೆಗೋಲು ಕಂಬ, ಬಾಣಂತಿ ಹಂಡೆ ಮತ್ತೆ ಬೆಳಕು ಕಂಡಿವೆ. ಆದರೆ ಮನೆ ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆ ಎಬ್ಬಿಸಿ, ಹೆಬ್ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಮಾರುವುದನ್ನು ಕಂಡರೆ ಸಂಕಟವಾಗುತ್ತದೆ. ಬಿದ್ದುಹೋದ ಮನೆಯ ಬಾಗಿಲು ಇನ್ನೊಂದು ಮನೆಗೆ ಸೇರಿದರೆ ಸಂತೋಷ. ನಿಂತಿರುವ ಮನೆಯದನ್ನು ಕೀಳಿಸಿ ಕೊಳ್ಳುವುದು ಬೇಡ, ಎಷ್ಟೇ ಚಂದದ ಕೆತ್ತನೆ ಇರಲಿ. ಆ ಬಾಗಿಲು ಹೋದ ಜಾಗದಲ್ಲಿ ಕೂರುವ ತಗಡಿನ ಶಟರು ಒಂದು ಊರಿನ ಬೀದಿಯನ್ನೇ ಕೆಡಿಸುತ್ತದೆ.

ನಿಮ್ಮ ಮನೆಯಲ್ಲಿ ಈ ವರ್ಷ ಕೆಲಸವಿದ್ದರೆ, ಫೋನಿನ ಚಿತ್ರಗಳ ಜತೆಗೆ ಊರಿನ ಹಳೆಮನೆಯೊಂದನ್ನೂ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿ. ಸಾಧ್ಯವಾದರೆ ಮಳೆ ಸುರಿಯುತ್ತಿರುವಾಗ ನೋಡಿ. ಯಾವ ಕೋಣೆ ಬೆಚ್ಚಗಿದೆ, ಎಲ್ಲಿ ಬೆಳಕಿದೆ ಎಂಬುದು ಆಗ ಗೊತ್ತಾಗುತ್ತದೆ. ಕೆಂಪು ನೆಲ ಎಳೆಯಬಲ್ಲ ಮೇಸ್ತ್ರಿಗಳು ಈಗ ಕಡಿಮೆ, ಇರುವವರಿಗೂ ವಯಸ್ಸಾಗಿದೆ. ಅವರಿಗೆ ಕೆಲಸ ಕೊಡಿ, ಪಕ್ಕದಲ್ಲಿ ಒಬ್ಬ ಎಳೆ ಹುಡುಗನನ್ನು ಕರಣೆ ಹಿಡಿಸಿ ಕೂರಿಸಿ. ನೆಲದ ಕೆಲಸವನ್ನು ಮಳೆಗೆ ಮುಂಚೆಯೇ ಮುಗಿಸಬೇಕು. ಆದ್ದರಿಂದ ಕೊಯ್ಲು ಮುಗಿಯುವ ಮೊದಲೇ ಅವರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ.