ಚೋರ್ ಬಜಾರಿನಲ್ಲಿ ಸಿಕ್ಕ ದನಿ!

ಮುಂಬೈಗೆ ಹೋದವರು ಅಮಿತಾಭ್ ಬಂಗಲೆ ಮುಂದೆ ನಿಂತು ಕುತ್ತಿಗೆ ಉದ್ದ ಮಾಡ್ತಾರೆ. ಗೆಳೆಯರೇ, ಸಿನಿಮಾ ಹುಚ್ಚು ನಿಜವಾಗಿ ಇದ್ದರೆ ಭೇಂಡಿ ಬಜಾರ್ ಪಕ್ಕದ ಮಟನ್ ಸ್ಟ್ರೀಟಿಗೆ ಹೋಗಿ. ಹೆಸರು ಮಟನ್, ಮಾರೋದು ಹಳೇ ಸಾಮಾನು! ಊರಿನವರ ಬಾಯಲ್ಲಿ ಇದು ಚೋರ್ ಬಜಾರ್. ಮಾಸಿದ ಪೋಸ್ಟರು, ಹಿತ್ತಾಳೆ ಕೊಂಬಿನ ಗ್ರಾಮಫೋನು, ತುಕ್ಕು ಹಿಡಿದ ಕ್ಯಾಮರಾ... ಶುಕ್ರವಾರ ಬಂತೆಂದರೆ ಬೀದಿಯ ಮೇಲೇ ಗುಜರಿ ಸಂತೆ.

ನಾನು ಹೋದದ್ದು ಪೋಸ್ಟರ್ ಹುಡುಕಿಕೊಂಡು. ಕೈಗೆ ಬಂದದ್ದು ಕಂದು ರಟ್ಟಿನ ಒಂದು ಎಲ್.ಪಿ. ಮೇಲೆ ಫೋಟೋ ಇಲ್ಲ, ಬರೀ ಬಂಗಾರದ ಬಣ್ಣದ ಅಕ್ಷರ: ಕಾರ್ಪೆಂಟರ್ಸ್, ‘ದಿ ಸಿಂಗಲ್ಸ್ 1969–1973’.

“ಆರುನೂರು” ಅಂದರು ಅಂಗಡಿಯ ಚಾಚಾ. ನನ್ನ ಜೇಬಿನಲ್ಲಿ ಇದ್ದದ್ದೇ ಏಳುನೂರು. ಅದರಲ್ಲೇ ರಾತ್ರಿ ಊಟ, ಬೆಳಗಿನ ತಿಂಡಿ ಆಗಬೇಕು.

ಅಮೆರಿಕದ ಅಣ್ಣ-ತಂಗಿ ಜೋಡಿ ಇದು. ರಿಚರ್ಡ್ ಪಿಯಾನೋ, ಕ್ಯಾರೆನ್ ಹಾಡುಗಾರ್ತಿ ಮಾತ್ರ ಅಲ್ಲ, ಡ್ರಮ್ಸ್ ಬಾರಿಸ್ತಾ ಹಾಡುತ್ತಿದ್ದ ಹುಡುಗಿ. ಇವರಿದ್ದ ಎ ಅಂಡ್ ಎಂ ಕಂಪನಿ 1966ರಲ್ಲಿ ಕೊಂಡ ಜಾಗ ಯಾವುದು ಗೊತ್ತೇ? ಹಾಲಿವುಡ್‌ನ ಲಾ ಬ್ರಿಯಾ ಅವೆನ್ಯೂದಲ್ಲಿ ಚಾರ್ಲಿ ಚಾಪ್ಲಿನ್ ಕಟ್ಟಿಸಿದ ಸ್ಟುಡಿಯೋ! ‘ಸಿಟಿ ಲೈಟ್ಸ್’, ‘ಮಾಡರ್ನ್ ಟೈಮ್ಸ್’ ತಯಾರಾದ ನೆಲ. ಈ ತಟ್ಟೆಯಲ್ಲಿರುವ ‘ವೀವ್ ಓನ್ಲಿ ಜಸ್ಟ್ ಬಿಗನ್’ ಮೊದಲು ಒಂದು ಬ್ಯಾಂಕಿನ ಟಿವಿ ಜಾಹೀರಾತಿಗೆ ಬಂದ ರಾಗ. ರಿಚರ್ಡ್ ಅದನ್ನು ಕೇಳಿ, ಪೂರ್ತಿ ಹಾಡು ಇದೆಯಾ ಅಂತ ವಿಚಾರಿಸಿದ. 1970ರಲ್ಲಿ ಹಿಟ್ ಆಯ್ತು.

ಕ್ಯಾರೆನ್‌ಗೆ ತಾನು ದಪ್ಪ ಅನ್ನೋ ಕೊರಗು. ಊಟ ಬಿಟ್ಟಳು. ಅನೋರೆಕ್ಸಿಯಾ ನರ್ವೋಸಾ ಅಂತಾರೆ ಆ ಕಾಯಿಲೆಗೆ. 1983ರ ಫೆಬ್ರವರಿ 4ರಂದು ಹೃದಯ ನಿಂತಿತು. ವಯಸ್ಸು 32. ‘ಹೀರೋಯಿನ್ ದಪ್ಪ ಆದ್ಲು ಕಣೋ’ ಅಂತ ಟಾಕೀಸಿನಲ್ಲಿ ಸೀಟಿ ಹೊಡೆಯೋ ನಮ್ಮ ಹುಡುಗರಿಗೆ ಈ ಸುದ್ದಿ ಯಾರೂ ಹೇಳಿಲ್ಲವೇನೋ.

ಹಳೇ ತಟ್ಟೆ ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಧೂಳು ಒರೆಸಿದರೆ ಹೋಗುತ್ತೆ. ಉಗುರಿಗೆ ಸಿಗುವ ಗೀರು ಇದ್ದರೆ ಟಪ್ ಟಪ್ ಅನ್ನೋದು ಜನ್ಮದಲ್ಲಿ ಹೋಗಲ್ಲ. ನಡುವಿನ ತೂತಿನ ಸುತ್ತ ಗೀಚಿದ ಗುರುತು ಎಷ್ಟಿದೆ ಅಂತಲೂ ನೋಡಿ. ಹಳೇ ಯಜಮಾನ ಎಷ್ಟು ಸಲ ಹಾಕಿದ್ದ ಅನ್ನೋದು ಅಲ್ಲಿ ತಿಳಿಯುತ್ತೆ. ಇದರಲ್ಲಿ ಬೇಕಾದಷ್ಟಿತ್ತು! ಒಳಗಿನ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಯಾರದೋ ಅಕ್ಷರ, ‘1979’ ಮಾತ್ರ ಓದಲಿಕ್ಕಾಯ್ತು.

“ಸುನೋ ಬೇಟಾ” ಅಂತ ಚಾಚಾ ಮೂಲೆಯ ಪ್ಲೇಯರ್ ಮೇಲೆ ಹಾಕಿದರು. ಚರಚರ ಸದ್ದು... ಆಮೇಲೆ ಆ ದನಿ! ಹೆಂಗಸರಲ್ಲಿ ಅಪರೂಪದ ತಗ್ಗು ಸ್ವರ, ಕಿವಿಯ ಹತ್ತಿರವೇ ನಿಂತು ಹಾಡಿದ ಹಾಗೆ. ಹೊರಗೆ ಕೈಗಾಡಿಯವನ ಬೈಗುಳ, ಸ್ಕೂಟರ್ ಹಾರ್ನ್. ಟೀ ತಂದ ಹುಡುಗ ಗ್ಲಾಸು ಹಿಡಿದು ಹಾಗೇ ನಿಂತ. ಒಂದು ಕಡೆ ಮುಳ್ಳು ಎಗರಿತು. ಚಾಚಾ ಮುಖ ಕೆಂಪಗಾಯ್ತು. ನನಗೆ ಚೌಕಾಸಿಗೆ ದಾರಿ ಸಿಕ್ಕಿತು.

ನಾಲ್ಕುನೂರೈವತ್ತಕ್ಕೆ ಕುದುರಿತು. ರಾತ್ರಿ ಊಟ ಎರಡು ವಡಾಪಾವ್.

ಬಸ್ ಹತ್ತುವಾಗ ಕ್ಲೀನರ್ ಹುಡುಗ, “ಕೊಡ್ರಿ ಸರ್, ಡಿಕ್ಕಿಯಾಗ ಹಾಕ್ತೀನಿ” ಅಂದ. ಕೊಡಲಿಲ್ಲ. ಬಿಸಿಗೆ ತಟ್ಟೆ ಬಾಗುತ್ತೆ, ಮೇಲೆ ಮೂಟೆ ಬಿದ್ದರೆ ಮುಗೀತು. ಹುಬ್ಬಳ್ಳಿವರೆಗೆ ತೊಡೆಯ ಮೇಲೇ ಇಟ್ಟುಕೊಂಡೆ. ಅಲ್ಲಿ ಗೆಳೆಯನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಪ್ಲೇಯರ್ ಇದೆ. ಬೆಲ್ಟ್ ಮಾತ್ರ ಹೊಸದು ಹಾಕಿಸಬೇಕು.